ಮನೆಯಂಗಳದಲ್ಲಿ ವೈರ್‌ಲೆಸ್ ಮಳೆಮಾಪಕ: ಪೆಟ್ಟಿಗೆ ತೆರೆಯುವುದರಿಂದ ನಂಬಬಹುದಾದ ಅಂಕಿಯವರೆಗೆ

ವೈರ್‌ಲೆಸ್ ಮಳೆಮಾಪಕವನ್ನು ಪೆಟ್ಟಿಗೆಯಿಂದ ತೆಗೆದು, ಬ್ಯಾಟರಿ ಹಾಕಿ, ಮನೆಯೊಳಗಿನ ಪರದೆಯ ಮೇಲೆ ಅಂಕಿ ಮೂಡುವಂತೆ ಮಾಡಲು ಅರ್ಧ ಗಂಟೆ ಸಾಕು. ಆ ಅಂಕಿ ನಿಜವಾಗಿ ಬಿದ್ದ ಮಳೆಗೆ ಹತ್ತಿರವಾಗಿರಬೇಕಾದರೆ ಮಾತ್ರ ಒಂದೆರಡು ದಿನದ ತಾಳ್ಮೆಯ ಕೆಲಸ ಬೇಕು. ಸೂರಿನ ಕೆಳಗೆ ಇಟ್ಟರೂ, ವಾರೆಯಾಗಿ ನಿಲ್ಲಿಸಿದರೂ, ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡರೂ ಉಪಕರಣವು ದಶಮಾಂಶ ಸಹಿತವಾದ ಒಂದು ಅಂಕಿಯನ್ನು ತೋರಿಸುತ್ತಲೇ ಇರುತ್ತದೆ. ಆ ಅಂಕಿ ಸರಿಯೋ ತಪ್ಪೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದವರು ಅಳವಡಿಸುವ ನಾವು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಗುಂಡಿ ಒತ್ತುವ ವಿಧಾನಕ್ಕಿಂತ ಜಾಗದ ಆಯ್ಕೆ, ಮಟ್ಟ ಮತ್ತು ನೀರಿನ ಪರೀಕ್ಷೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಳಗೆ ನಡೆಯುವುದೇನು

ಮನೆಬಳಕೆಯ ಮಳೆಮಾಪಕಗಳಲ್ಲಿ ಹೆಚ್ಚಿನವು ಟಿಪ್ಪಿಂಗ್ ಬಕೆಟ್ ಎಂಬ ವಿಧಾನದಲ್ಲಿ ಕೆಲಸ ಮಾಡುತ್ತವೆ. ಆಲಿಕೆಗೆ ಬಿದ್ದ ನೀರು ತಳದ ಸಣ್ಣ ರಂಧ್ರದಿಂದ ಇಳಿದು, ನಡುವೆ ಅಚ್ಚಿನ ಮೇಲೆ ಮಕ್ಕಳು ಆಡುವ ಸೀ-ಸಾ ಹಲಗೆಯಂತೆ ಕುಳಿತಿರುವ ಜೋಡಿ ಬಟ್ಟಲಿನ ಒಂದು ಭಾಗವನ್ನು ತುಂಬುತ್ತದೆ. ನಿಗದಿತ ಪ್ರಮಾಣದ ನೀರು ಸೇರಿದೊಡನೆ ಆ ಭಾಗ ಭಾರವಾಗಿ ವಾಲಿ ನೀರನ್ನು ಚೆಲ್ಲುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಭಾಗ ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಬಟ್ಟಲಿಗೆ ಅಂಟಿಸಿರುವ ಪುಟ್ಟ ಅಯಸ್ಕಾಂತವು ಪ್ರತಿ ವಾಲಿಕೆಯಲ್ಲಿಯೂ ಪಕ್ಕದ ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದಾಗ ಕೆಲಸ ಮಾಡುವ ಪುಟ್ಟ ಸ್ವಿಚ್ಚು) ದಾಟಿ ಹೋಗುವುದರಿಂದ ಒಂದು ಎಣಿಕೆ ದಾಖಲಾಗುತ್ತದೆ. ಈ ವಾಲುವ ಬಟ್ಟಲಿನ ಉಪಾಯ ಹಳೆಯದು. ಲಂಡನ್ನಿನ ಸೇಂಟ್ ಪಾಲ್ ಕ್ಯಾಥೆಡ್ರಲನ್ನು ವಿನ್ಯಾಸಗೊಳಿಸಿದ ಕ್ರಿಸ್ಟಫರ್ ರೆನ್ 17ನೇ ಶತಮಾನದಲ್ಲಿಯೇ ಇದನ್ನು ರೂಪಿಸಿದ್ದ. ಹೊಸದೆಂದರೆ ಎಣಿಕೆಯನ್ನು ರೇಡಿಯೋ ಮೂಲಕ ಮನೆಯೊಳಗಿನ ಕನ್ಸೋಲಿಗೆ, ಅಂದರೆ ಪರದೆಯಿರುವ ಪೆಟ್ಟಿಗೆಗೆ, ಕಳಿಸುವ ಭಾಗ ಮಾತ್ರ.

ಒಂದು ವಾಲಿಕೆಗೆ ಎಷ್ಟು ಮಳೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. 0.2 ಮಿ.ಮೀ., 0.254 ಮಿ.ಮೀ. (ಅಂದರೆ ಇಂಚಿನ ನೂರನೇ ಒಂದು ಭಾಗ) ಮತ್ತು 0.3 ಮಿ.ಮೀ. ಸಾಮಾನ್ಯವಾಗಿ ಕಾಣುವ ಅಳತೆಗಳು. ಇದನ್ನು ಕೈಪಿಡಿಯಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಮತ್ತೊಂದು ಸಂಬಂಧವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು: 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಸರಿಯಾಗಿ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆ ಸುರಿದರೆ 2,000 ಲೀಟರ್ ನೀರು ಬಿದ್ದಿದೆ ಎಂದು ಹೇಳಲು ಬೇರೆ ಯಾವ ಸೂತ್ರವೂ ಬೇಡ. ಮಳೆನೀರು ಸಂಗ್ರಹಿಸುವವರಿಗೆ ಈ ಉಪಕರಣ ಅಷ್ಟು ಉಪಯುಕ್ತವಾಗುವುದು ಇದರಿಂದಲೇ.

ಚಲಿಸುವ ಭಾಗವೇ ಇಲ್ಲದ, ಹನಿಗಳು ಬಡಿಯುವ ಅದಿರಾಟದಿಂದ ಮಳೆಯನ್ನು ಅಂದಾಜಿಸುವ ಪೀಜೋ ಮಾದರಿಗಳೂ ಇವೆ. ಅವುಗಳಲ್ಲಿ ಕಸ ಕಟ್ಟಿಕೊಳ್ಳುವ ತೊಂದರೆಯಿಲ್ಲ, ಆದರೆ ಹನಿಯ ಗಾತ್ರ ಬದಲಾದಂತೆ ಅಂದಾಜೂ ಏರುಪೇರಾಗುತ್ತದೆ. ನೀರನ್ನು ಅಳೆದು ಸುರಿದು ಪರೀಕ್ಷಿಸಲೂ ಬರುವುದಿಲ್ಲ. ಒಟ್ಟು ಮಳೆಯ ನಿಖರತೆಯೇ ಮುಖ್ಯ ಎನ್ನುವವರಿಗೆ ವಾಲುವ ಬಟ್ಟಲಿನ ಮಾದರಿಯೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವಾಗ ನೋಡಬೇಕಾದುದು

ಮೊದಲು ಆಲಿಕೆಯ ಬಾಯಿಯ ಅಗಲವನ್ನು ನೋಡಿ. ಬಾಯಿ ದೊಡ್ಡದಾದಷ್ಟೂ ಒಂದು ವಾಲಿಕೆಗೆ ಬೇಕಾದ ನೀರು ಹೆಚ್ಚಾಗುತ್ತದೆ, ಹನಿಯೊಂದು ಹೆಚ್ಚುಕಡಿಮೆಯಾದರೆ ಆಗುವ ತಪ್ಪು ಚಿಕ್ಕದಾಗುತ್ತದೆ. ಅಂಗೈಯಷ್ಟೇ ಅಗಲದ ಆಯತಾಕಾರದ ಆಲಿಕೆಗಿಂತ 11 ಅಥವಾ 12 ಸೆಂ.ಮೀ. ವ್ಯಾಸದ ದುಂಡು ಆಲಿಕೆ ಒಳ್ಳೆಯದು. ಎರಡನೆಯದಾಗಿ, ರೇಡಿಯೋ ಆವರ್ತನ ನಿಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ಪಟ್ಟಿಯೊಳಗೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. 433, 868 ಮತ್ತು 915 ಮೆಗಾಹರ್ಟ್ಸ್‌ನ ಮಾದರಿಗಳು ಬೇರೆ ಬೇರೆ ಪ್ರದೇಶಗಳಿಗಾಗಿ ತಯಾರಾಗುತ್ತವೆ, ಒಂದರ ಸೆನ್ಸರ್ (ಅಂಗಳದಲ್ಲಿ ನಿಲ್ಲಿಸುವ ಭಾಗ) ಇನ್ನೊಂದರ ಕನ್ಸೋಲಿನೊಂದಿಗೆ ಮಾತನಾಡುವುದಿಲ್ಲ. ಆಲಿಕೆಯನ್ನು ಸಲಕರಣೆಯ ನೆರವಿಲ್ಲದೆ ಬಿಚ್ಚಿ ತೊಳೆಯಲು ಬರುತ್ತದೆಯೇ ಎಂಬುದು ಮೂರನೆಯದು. ಬಿಚ್ಚಲು ಕಷ್ಟವಾದರೆ ಮಳೆಗಾಲದ ನಡುವೆ ಯಾರೂ ತೊಳೆಯುವುದಿಲ್ಲ.

ಇದರ ಜೊತೆಗೆ ಅಳತೆಯ ಗೆರೆಗಳಿರುವ ಸಾಧಾರಣ ಕೈಮಳೆಮಾಪಕವೊಂದನ್ನು ತಪ್ಪದೆ ಕೊಳ್ಳಿ. ಅದರಲ್ಲಿ ಕೆಡುವ ಭಾಗವೇ ಇಲ್ಲದಿರುವುದರಿಂದ ವೈರ್‌ಲೆಸ್ ಉಪಕರಣ ಹೇಳುವುದನ್ನು ಅದರೊಂದಿಗೆ ಹೋಲಿಸಿ ನೋಡಬಹುದು.

ಮೇಜಿನ ಮೇಲೆ ಮೊದಲ ಜೋಡಣೆ

ಪೆಟ್ಟಿಗೆ ತೆರೆದ ಕೂಡಲೇ ಅಂಗಳಕ್ಕೆ ಓಡಬೇಡಿ. ಆಲಿಕೆಯನ್ನು ತಿರುಗಿಸಿ ಬಿಚ್ಚಿ ಒಳಗೆ ನೋಡಿ. ಸಾಗಣೆಯಲ್ಲಿ ಬಟ್ಟಲು ಅಲ್ಲಾಡಿ ಮುರಿಯದಿರಲೆಂದು ತಯಾರಕರು ಅದನ್ನು ಟೇಪು, ಸ್ಪಂಜಿನ ತುಂಡು ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿರುತ್ತಾರೆ. ಅದನ್ನು ತೆಗೆಯದೆ ಕಂಬಕ್ಕೆ ಏರಿಸಿದರೆ ಎಂಥ ಮಳೆ ಸುರಿದರೂ ಪರದೆಯಲ್ಲಿ ಸೊನ್ನೆಯೇ ಇರುತ್ತದೆ. ಹೊಸ ಉಪಕರಣ ಮಳೆಯನ್ನೇ ತೋರಿಸುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ಬಟ್ಟಲನ್ನು ಬೆರಳ ತುದಿಯಿಂದ ಮೆಲ್ಲನೆ ಅತ್ತಿತ್ತ ವಾಲಿಸಿ. ಎರಡೂ ಬದಿಗೆ ತಡೆಯಿಲ್ಲದೆ ಬಿದ್ದು, ಸಣ್ಣದೊಂದು ಟಕ್ ಸದ್ದು ಕೇಳಬೇಕು.

ಬ್ಯಾಟರಿಯನ್ನು ಸೆನ್ಸರಿಗೆ ಮೊದಲು ಹಾಕಬೇಕೋ ಕನ್ಸೋಲಿಗೆ ಮೊದಲು ಹಾಕಬೇಕೋ ಎಂಬುದು ಮಾದರಿಗನುಗುಣವಾಗಿ ಬೇರೆಯಾಗುತ್ತದೆ, ಈ ಒಂದು ವಿಷಯದಲ್ಲಿ ಕೈಪಿಡಿಯನ್ನು ಅಕ್ಷರಶಃ ಪಾಲಿಸಬೇಕು. ಕನ್ಸೋಲು ಚಾಲೂ ಆದ ಮೇಲೆ ಕೆಲವು ನಿಮಿಷ ಮಾತ್ರ ಹೊಸ ಸೆನ್ಸರಿಗಾಗಿ ಕಿವಿಗೊಟ್ಟಿರುತ್ತದೆ. ಆ ಅವಧಿಯಲ್ಲಿ ಬೇರೆ ಗುಂಡಿಗಳನ್ನು ಒತ್ತದೆ ಕಾಯಿರಿ. ಎರಡನ್ನೂ ಒಂದಕ್ಕೊಂದು ತಾಗಿಸಿ ಇಡಬಾರದು. ತೀರ ಹತ್ತಿರವಿದ್ದರೆ ಸಂಕೇತ ಅತಿ ಪ್ರಬಲವಾಗಿ ಗ್ರಾಹಕವು ಅದನ್ನು ಗುರುತಿಸದೆ ಹೋಗಬಹುದು. ಎರಡು ಮೂರು ಮೀಟರ್ ಅಂತರ ಸರಿಯಾದುದು.

ಬ್ಯಾಟರಿಯ ವಿಷಯದಲ್ಲಿ ಜಿಪುಣತನ ಬೇಡ. ಮರುಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳ ವೋಲ್ಟೇಜು 1.2 ಮಾತ್ರವಿರುವುದರಿಂದ, 1.5 ವೋಲ್ಟ್ ನಿರೀಕ್ಷಿಸುವ ಸೆನ್ಸರು ಅವುಗಳಲ್ಲಿ ಬೇಗನೆ ಬಲಗುಂದುತ್ತದೆ. ಒಳ್ಳೆಯ ಆಲ್ಕಲೈನ್ ಸೆಲ್ಲು ಸಾಕು. ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಕಡೆ ಲಿಥಿಯಂ ಸೆಲ್ಲು ಬೇಕು. ಹಳೆಯ ಸೆಲ್ಲನ್ನೂ ಹೊಸದನ್ನೂ ಬೆರೆಸಬೇಡಿ. ಬ್ಯಾಟರಿ ಕೋಣೆಯ ರಬ್ಬರ್ ಬಳೆ ತನ್ನ ತೋಡಿನಲ್ಲಿ ಪೂರ್ತಿಯಾಗಿ ಕುಳಿತಿದೆಯೇ ಎಂದು ನೋಡಿಯೇ ಮುಚ್ಚಳ ಬಿಗಿಯಿರಿ.

ಸಂಪರ್ಕ ಕುದುರಿದ ಮೇಲೆ ಬಟ್ಟಲನ್ನು ಕೈಯಿಂದಲೇ ಹತ್ತು ಬಾರಿ, ಪ್ರತಿ ಬಾರಿಯೂ ಎರಡು ಮೂರು ಸೆಕೆಂಡು ಬಿಟ್ಟು ವಾಲಿಸಿ. 0.2 ಮಿ.ಮೀ. ಮಾದರಿಯಾದರೆ ಸ್ವಲ್ಪ ಹೊತ್ತಿನಲ್ಲಿ ಕನ್ಸೋಲು 2.0 ಮಿ.ಮೀ. ತೋರಿಸಬೇಕು. ತಕ್ಷಣ ಬರಲಿಲ್ಲವೆಂದು ಗಾಬರಿಯಾಗಬೇಡಿ, ಸೆನ್ಸರು ತನ್ನ ಎಣಿಕೆಯನ್ನು ನಿಗದಿತ ಅವಧಿಗೊಮ್ಮೆ ಮಾತ್ರ ಕಳಿಸುತ್ತದೆ.

ನೀರಿನ ಪರೀಕ್ಷೆ

ಹೆಚ್ಚಿನವರು ಬಿಟ್ಟುಬಿಡುವ ಹಂತವಿದು. ಕಾರ್ಖಾನೆಯಿಂದ ಬಂದ ಉಪಕರಣ ಸರಿಯಾಗಿಯೇ ಇರುತ್ತದೆ ಎಂದು ನಂಬಲು ಕಾರಣವಿಲ್ಲ. ಬಟ್ಟಲಿನ ಕೆಳಗಿನ ತಡೆತಿರುಪು (ವಾಲಿದ ಬಟ್ಟಲು ಬಂದು ತಗಲಿ ನಿಲ್ಲುವ ತಿರುಪು) ಕೂದಲೆಳೆಯಷ್ಟು ಸರಿದರೂ ಪ್ರತಿ ವಾಲಿಕೆಯ ಅಳತೆ ಬದಲಾಗುತ್ತದೆ. ಕಂಬಕ್ಕೆ ಏರಿಸುವ ಮೊದಲೇ, ಸಮಮಟ್ಟದ ಮೇಜಿನ ಮೇಲೆ ಕೆಳಗೊಂದು ತಟ್ಟೆಯಿಟ್ಟು, ಈ ಪರೀಕ್ಷೆಯನ್ನು ಮಾಡಿಬಿಡುವುದು ಸುಲಭ.

ಮೊದಲು ಆಲಿಕೆಯ ಬಾಯಿಯ ವಿಸ್ತೀರ್ಣ ಬೇಕು. ಮೇಲಂಚಿನ ಒಳಬದಿಯಿಂದ ಒಳಬದಿಗೆ ವ್ಯಾಸವನ್ನು ಅಳೆಯಿರಿ, ಎರಡು ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಇಲ್ಲಿ ಅಜಾಗ್ರತೆ ದುಬಾರಿಯಾಗುತ್ತದೆ: 12 ಸೆಂ.ಮೀ. ವ್ಯಾಸದಲ್ಲಿ 2 ಮಿ.ಮೀ. ತಪ್ಪಿದರೆ ವಿಸ್ತೀರ್ಣದಲ್ಲಿ ಶೇಕಡಾ 3ಕ್ಕೂ ಮಿಕ್ಕಿದ ತಪ್ಪಾಗುತ್ತದೆ. ವ್ಯಾಸ 12 ಸೆಂ.ಮೀ. ಆಗಿದ್ದರೆ ತ್ರಿಜ್ಯ 6, ಅದರ ವರ್ಗ 36, ಅದನ್ನು 3.1416ರಿಂದ ಗುಣಿಸಿದರೆ ವಿಸ್ತೀರ್ಣ ಸುಮಾರು 113 ಚದರ ಸೆಂ.ಮೀ. ಈ ಆಲಿಕೆಯ ಮೇಲೆ 20 ಮಿ.ಮೀ., ಅಂದರೆ 2 ಸೆಂ.ಮೀ. ಮಳೆ ಬಿದ್ದರೆ ಸೇರುವ ನೀರು 226 ಮಿಲಿಲೀಟರ್. ಆಯತಾಕಾರದ ಆಲಿಕೆಯಾದರೆ ಉದ್ದ ಅಗಲಗಳ ಗುಣಲಬ್ಧವೇ ವಿಸ್ತೀರ್ಣ, 5 ಸೆಂ.ಮೀ. ಅಗಲ, 11 ಸೆಂ.ಮೀ. ಉದ್ದದ ಬಾಯಿಗೆ 20 ಮಿ.ಮೀ. ಎಂದರೆ 110 ಮಿಲಿಲೀಟರ್.

ನೀರನ್ನು ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಅಳತೆಯ ಲೋಟಕ್ಕಿಂತ ನಂಬಿಕೆಗೆ ಅರ್ಹ, ಏಕೆಂದರೆ 226 ಮಿಲಿಲೀಟರ್ ನೀರಿನ ತೂಕ ಈ ಕೆಲಸಕ್ಕೆ ಬೇಕಾದ ನಿಖರತೆಯಲ್ಲಿ 226 ಗ್ರಾಂ. ಖಾಲಿ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಅಷ್ಟು ನೀರು ತುಂಬಿ. ಬಾಟಲಿಯ ತಳದಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿ, ತುಂಬುವಾಗ ಅದನ್ನು ಟೇಪಿನಿಂದ ಮುಚ್ಚಿ, ಆಮೇಲೆ ಬಾಟಲಿಯನ್ನು ಆಲಿಕೆಯ ಮೇಲೆ ಅಲುಗಾಡದಂತೆ ನಿಲ್ಲಿಸಿ ಟೇಪು ತೆಗೆಯಿರಿ. ಮುಚ್ಚಳವನ್ನು ಸಡಿಲಿಸಿ ಬಿಗಿಮಾಡಿ ಗಾಳಿಯನ್ನು ನಿಯಂತ್ರಿಸಿದರೆ ಹನಿಯ ವೇಗವೂ ಹಿಡಿತಕ್ಕೆ ಬರುತ್ತದೆ. ಇಡೀ ನೀರು ಇಳಿಯಲು ಸುಮಾರು ಒಂದು ಗಂಟೆ ಹಿಡಿಯಬೇಕು. ಆಗ ಗಂಟೆಗೆ 20 ಮಿ.ಮೀ. ಮಳೆಯನ್ನು ಹೋಲುವಂತೆ ಸುಮಾರು 36 ಸೆಕೆಂಡಿಗೊಮ್ಮೆ ಬಟ್ಟಲು ವಾಲುತ್ತದೆ. ಅವಸರಪಟ್ಟು ಲೋಟದಿಂದ ಸುರಿದುಬಿಟ್ಟರೆ ಪರೀಕ್ಷೆಯೇ ವ್ಯರ್ಥ. ಬಟ್ಟಲು ವಾಲಲು ತೆಗೆದುಕೊಳ್ಳುವ ಅರೆಕ್ಷಣದಲ್ಲಿಯೂ ನೀರು ಸುರಿಯುತ್ತಲೇ ಇದ್ದು, ಆಗಲೇ ತುಂಬಿದ ಭಾಗಕ್ಕೆ ಬಿದ್ದ ಆ ನೀರು ಲೆಕ್ಕಕ್ಕೆ ಸೇರದೆ ಹೋಗುತ್ತದೆ. ಬಿರುಮಳೆಯಲ್ಲಿ ಈ ಮಾದರಿಯ ಉಪಕರಣಗಳು ಕಡಿಮೆ ತೋರಿಸುವುದಕ್ಕೂ ಇದೇ ಕಾರಣ.

ನೀರೆಲ್ಲ ಇಳಿದ ಮೇಲೆ ಕನ್ಸೋಲು 20 ಮಿ.ಮೀ.ಗೆ ಹತ್ತಿರ, ಅಂದರೆ 0.2 ಮಿ.ಮೀ. ಮಾದರಿಯಲ್ಲಿ ಸುಮಾರು 100 ವಾಲಿಕೆ ತೋರಿಸಬೇಕು. ಒಂದೇ ಪರೀಕ್ಷೆಯನ್ನು ನಂಬದೆ ಮೂರು ಬಾರಿ ಮಾಡಿ. ಮೂರೂ 19 ಮತ್ತು 21ರ ನಡುವೆ ಬಂದರೆ ಮುಟ್ಟಲು ಹೋಗಬೇಡಿ. ಮೂರೂ ಒಂದೇ ದಿಕ್ಕಿನಲ್ಲಿ, ಉದಾಹರಣೆಗೆ 22ರ ಹತ್ತಿರ ಬಂದರೆ, ಬಟ್ಟಲು ಬೇಕಾದುದಕ್ಕಿಂತ ಕಡಿಮೆ ನೀರಿಗೆ ವಾಲುತ್ತಿದೆ ಎಂದರ್ಥ. ಕನ್ಸೋಲಿನಲ್ಲಿ ಮಳೆಯ ತಿದ್ದುಪಡಿ ಗುಣಕ ಹಾಕುವ ಸೌಲಭ್ಯವಿದ್ದರೆ 20ನ್ನು 22ರಿಂದ ಭಾಗಿಸಿ ಬಂದ 0.91 ಎಂಬ ಗುಣಕವನ್ನು ಹಾಕುವುದು ಎಲ್ಲಕ್ಕಿಂತ ಸುರಕ್ಷಿತವಾದ ದಾರಿ. ಆ ಸೌಲಭ್ಯವಿಲ್ಲದಿದ್ದರೆ, ಬಟ್ಟಲಿನ ಎರಡೂ ಬದಿಯ ಕೆಳಗಿರುವ ತಡೆತಿರುಪುಗಳನ್ನು ಸಮಪ್ರಮಾಣದಲ್ಲಿ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಬೇಕು. ತಿರುಪನ್ನು ಕೆಳಗಿಳಿಸಿದರೆ ವಾಲಲು ಹೆಚ್ಚು ನೀರು ಬೇಕಾಗಿ ಎಣಿಕೆ ಕಡಿಮೆಯಾಗುತ್ತದೆ. ಮೇಲೇರಿಸಿದರೆ ಎಣಿಕೆ ಹೆಚ್ಚಾಗುತ್ತದೆ. ಪ್ರತಿ ತಿರುಗಿಸುವಿಕೆಯ ನಂತರವೂ ಪೂರ್ತಿ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಮೂರು ಪರೀಕ್ಷೆಗಳೂ ಒಂದಕ್ಕೊಂದು ತಾಳೆಯಾಗದೆ 18, 21, 19.4 ಎಂದು ಚೆಲ್ಲಾಪಿಲ್ಲಿಯಾಗಿ ಬಂದರೆ ತಿದ್ದುಪಡಿಯಿಂದ ಉಪಯೋಗವಿಲ್ಲ. ಅಚ್ಚಿನಲ್ಲಿ ಧೂಳು, ಮೇಜಿನ ಓರೆ ಅಥವಾ ಬಾಟಲಿಯ ಹನಿ ಆಲಿಕೆಯ ಹೊರಗೆ ಬೀಳುತ್ತಿರುವುದು ಇದಕ್ಕೆ ಕಾರಣವಾಗಿರುತ್ತದೆ. ಅದನ್ನು ಹುಡುಕಿ ಸರಿಪಡಿಸಿದ ಮೇಲೆಯೇ ಮುಂದುವರಿಯಿರಿ. ಮುಗಿದ ನಂತರ ಕನ್ಸೋಲಿನ ಮಳೆಯ ಒಟ್ಟು ಮೊತ್ತವನ್ನು ಸೊನ್ನೆಗೆ ತನ್ನಿ.

ಜಾಗ

ಇಷ್ಟು ನಿಖರವಾಗಿ ಹೊಂದಿಸಿದ ಉಪಕರಣವನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಮಾಡಿದ್ದೆಲ್ಲ ನೀರುಪಾಲು. ಮಳೆಯ ಅಳತೆಗೆ ಎರಡು ಶತ್ರುಗಳಿವೆ, ಒಂದು ಮರೆ, ಇನ್ನೊಂದು ಗಾಳಿ. ಒಂದರಿಂದ ತಪ್ಪಿಸಿಕೊಳ್ಳಲು ಹೋದರೆ ಇನ್ನೊಂದರ ಕೈಗೆ ಸಿಗುತ್ತೇವೆ ಎಂಬುದೇ ಇಲ್ಲಿರುವ ಕಷ್ಟ.

ಗೋಡೆ, ಮರ, ಸೂರು ಹತ್ತಿರವಿದ್ದರೆ ಓರೆಯಾಗಿ ಬರುವ ಮಳೆ ಆಲಿಕೆಯನ್ನು ತಲುಪುವುದಿಲ್ಲ, ಇಲ್ಲವೇ ಎಲೆಯಿಂದ ತೊಟ್ಟಿಕ್ಕುವ ನೀರು ಮಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ವಿಶ್ವ ಹವಾಮಾನ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಯಾವುದೇ ಅಡ್ಡಿಯು ಆಲಿಕೆಯ ಬಾಯಿಗಿಂತ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟು ದೂರದಲ್ಲಾದರೂ ಮಳೆಮಾಪಕವಿರಬೇಕು. ನಾಲ್ಕು ಪಟ್ಟಾದರೆ ಇನ್ನೂ ಉತ್ತಮ. ಆಲಿಕೆಯ ಬಾಯಿ ನೆಲದಿಂದ 1 ಮೀಟರ್ ಎತ್ತರದಲ್ಲಿದ್ದು ಪಕ್ಕದ ಮರ 6 ಮೀಟರ್ ಎತ್ತರವಿದ್ದರೆ, ವ್ಯತ್ಯಾಸ 5 ಮೀಟರ್, ಆದ್ದರಿಂದ ಕನಿಷ್ಠ ಅಂತರ 10 ಮೀಟರ್. ಇದನ್ನು ಅಳತೆಪಟ್ಟಿಯಿಲ್ಲದೆಯೂ ನೋಡಬಹುದು. ಆಲಿಕೆ ಬರಲಿರುವ ಎತ್ತರಕ್ಕೆ ಕಣ್ಣು ಬರುವಂತೆ ಕುಳಿತು, ಕೈಯನ್ನು ಪೂರ್ತಿಯಾಗಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ ಕೋನವನ್ನು ಮರೆಮಾಡುತ್ತದೆ. ಕಣ್ಣಿನ ಮಟ್ಟದಿಂದ ಮೇಲಕ್ಕೆ ಎರಡೂವರೆ ಮುಷ್ಟಿಗಿಂತ ಎತ್ತರಕ್ಕೆ ಯಾವುದೂ ಕಾಣದಿದ್ದರೆ ಎರಡು ಪಟ್ಟಿನ ನಿಯಮ ಪಾಲನೆಯಾದಂತೆ. ನಾಲ್ಕೂ ದಿಕ್ಕಿಗೆ ತಿರುಗಿ ಹೀಗೆ ನೋಡಿದರೆ ಅಂಗಳದ ಯಾವ ಮೂಲೆ ಒಳ್ಳೆಯದೆಂಬುದು ಐದು ನಿಮಿಷದಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ಸುತ್ತ ಏನೂ ಇಲ್ಲದ ತಾರಸಿಯ ತುದಿಯೇ ಶ್ರೇಷ್ಠವಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲ. ನೆಲದಿಂದ ಮೇಲೇರಿದಂತೆ ಗಾಳಿಯ ವೇಗ ಹೆಚ್ಚುತ್ತದೆ; ಕಟ್ಟಡದ ಅಂಚಿಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ ಸುಳಿಯಾಗುತ್ತದೆ; ಆಲಿಕೆಯ ಬಾಯಿಯ ಮೇಲೆ ಹಾದುಹೋಗುವ ಆ ಗಾಳಿ ಸಣ್ಣ ಹನಿಗಳನ್ನು ಒಳಗೆ ಬೀಳಗೊಡದೆ ಆಚೆಗೆ ಒಯ್ಯುತ್ತದೆ. ಹೀಗಾಗಿ ತಾರಸಿಯ ಮೇಲಿನ ಮಳೆಮಾಪಕ ಗಾಳಿಮಳೆಯ ದಿನಗಳಲ್ಲಿ ನೆಲದ ಮೇಲಿನದಕ್ಕಿಂತ ಕಡಿಮೆ ತೋರಿಸುವುದು ಸಾಮಾನ್ಯ. ಗಾಳಿಯ ವೇಗ ಅಳೆಯುವ ಉಪಕರಣವೂ ಒಂದೇ ಕಂಬದಲ್ಲಿರುವ ಸಂಯುಕ್ತ ಹವಾಮಾನ ಕೇಂದ್ರಗಳ ದೊಡ್ಡ ಕೊರತೆ ಇದೇ: ಗಾಳಿಗೆ ಎತ್ತರ ಬೇಕು, ಮಳೆಗೆ ತಗ್ಗು ಬೇಕು. ಬೇರೆ ಬೇರೆಯಾಗಿ ನಿಲ್ಲಿಸಬಹುದಾದ ಮಾದರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಎತ್ತರದ ವಿಷಯದಲ್ಲಿ, ಬಾಯಿಯು ನೆಲದಿಂದ ಅರ್ಧ ಮೀಟರಿನಿಂದ ಒಂದೂವರೆ ಮೀಟರಿನ ಒಳಗೆ ಇದ್ದರೆ ಸಾಕು. ತೀರ ಕೆಳಗಿಟ್ಟರೆ ನೆಲಕ್ಕೆ ಬಡಿದು ಚಿಮ್ಮುವ ಹನಿಗಳು ಒಳಸೇರುತ್ತವೆ. ಸುತ್ತಲಿನ ನೆಲ ಹುಲ್ಲು ಅಥವಾ ಮಣ್ಣಾಗಿರಲಿ. ಕಾಂಕ್ರೀಟ್ ಮತ್ತು ಕಲ್ಲುಹಾಸಿನ ಮೇಲೆ ಚಿಮ್ಮುವಿಕೆ ಹೆಚ್ಚು. ಅಂಗಳದ ಸುತ್ತ ನಿಯಮದ ಅಂತರದಾಚೆ ಗಿಡಬೇಲಿಯೋ ಪೊದೆಯೋ ಇದ್ದರೆ ಅದು ಗಾಳಿಯನ್ನು ಮೆತ್ತಗಾಗಿಸಿ ಅಳತೆಗೆ ಒಳ್ಳೆಯದನ್ನೇ ಮಾಡುತ್ತದೆ. ತೋಟಕ್ಕೆ ನೀರು ಚಿಮುಕಿಸುವ ಸ್ಪ್ರಿಂಕ್ಲರಿನ ವ್ಯಾಪ್ತಿಯಿಂದ ಮಾತ್ರ ದೂರವಿರಿ.

ಅಂಗಳವೇ ಚಿಕ್ಕದಾಗಿದ್ದು ಎರಡು ಪಟ್ಟಿನ ನಿಯಮ ಎಲ್ಲಿಯೂ ಸಾಧ್ಯವಾಗದಿದ್ದರೆ ತಾರಸಿಯನ್ನೇ ಬಳಸಬೇಕಾಗುತ್ತದೆ. ಆಗ ಅಂಚಿನಿಂದ ಆದಷ್ಟು ದೂರ, ತಾರಸಿಯ ನಡುಭಾಗದಲ್ಲಿ, ತಗ್ಗಾದ ಕಂಬದ ಮೇಲೆ, ನೀರಿನ ಟ್ಯಾಂಕಿನಿಂದ ಮೇಲಿನ ಲೆಕ್ಕದಷ್ಟೇ ಅಂತರದಲ್ಲಿ ನಿಲ್ಲಿಸಿ. ಜಾಗದ ಈ ವಿವರವನ್ನು ನಿಮ್ಮ ದಾಖಲೆಯ ಮೊದಲ ಪುಟದಲ್ಲಿಯೇ ಬರೆದಿಡಿ, ನಾಳೆ ಬೇರೆಯವರ ಅಂಕಿಯೊಂದಿಗೆ ಹೋಲಿಸುವಾಗ ಅದು ಬೇಕಾಗುತ್ತದೆ.

ಕಂಬ ನೆಡುವ ಮೊದಲು ಸಂಕೇತದ ಪರೀಕ್ಷೆ

ಕೈಪಿಡಿಯಲ್ಲಿ 100 ಮೀಟರ್ ಎಂದು ಬರೆದಿದ್ದರೆ ಅದು ನಡುವೆ ಏನೂ ಇಲ್ಲದ ಬಯಲಿನ ಲೆಕ್ಕ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಗೋಡೆ, ತಗಡಿನ ಚಾವಣಿ, ಲೋಹದ ಪದರ ಅಂಟಿಸಿದ ಕಿಟಕಿ ಗಾಜು ಇವೆಲ್ಲ ಸಂಕೇತವನ್ನು ಬಹಳವಾಗಿ ಕುಗ್ಗಿಸುತ್ತವೆ. ಆದ್ದರಿಂದ ಸೆನ್ಸರನ್ನು ಆರಿಸಿದ ಜಾಗದಲ್ಲಿ ಒಂದು ಸ್ಟೂಲಿನ ಮೇಲಿಟ್ಟು, ಕನ್ಸೋಲನ್ನು ಮನೆಯೊಳಗೆ ಅದು ಇರಬೇಕಾದ ಸ್ಥಳದಲ್ಲಿಯೇ ಇಟ್ಟು, ಒಂದು ಪೂರ್ತಿ ದಿನ ಬಿಡಿ. ಸಂಕೇತದ ಗುರುತು ಆಗಾಗ ಮಾಯವಾಗುತ್ತಿದ್ದರೆ ಕನ್ಸೋಲನ್ನು ಕಿಟಕಿಯ ಕಡೆಗೆ ಸರಿಸಿ ನೋಡಿ. ಟಿವಿ, ಕಂಪ್ಯೂಟರ್ ಮತ್ತು ಚಾರ್ಜರುಗಳಿಂದ ಒಂದೆರಡು ಮೀಟರ್ ದೂರವಿರಿಸುವುದರಿಂದಲೇ ಎಷ್ಟೋ ತೊಂದರೆ ಬಗೆಹರಿಯುತ್ತದೆ. ಕನ್ಸೋಲಿಗಾಗಿ ಮಳೆಮಾಪಕದ ಜಾಗವನ್ನು ಬದಲಿಸಬೇಡಿ, ಮಳೆಮಾಪಕಕ್ಕಾಗಿ ಕನ್ಸೋಲಿನ ಜಾಗವನ್ನು ಬದಲಿಸಿ.

ಒಂದೆರಡು ಸಂಕೇತ ತಪ್ಪಿಹೋದರೆ ಮಳೆಯ ಲೆಕ್ಕ ತಪ್ಪುತ್ತದೆ ಎಂಬ ಭಯ ಅನೇಕರಿಗಿದೆ. ಸಾಮಾನ್ಯವಾಗಿ ಸೆನ್ಸರು ಕಳಿಸುವುದು ಈವರೆಗಿನ ಒಟ್ಟು ವಾಲಿಕೆಗಳ ಸಂಖ್ಯೆಯನ್ನು. ಆದ್ದರಿಂದ ಮುಂದಿನ ಸಂಕೇತ ತಲುಪಿದಾಗ ನಡುವೆ ಬಿಟ್ಟುಹೋದುದೂ ಸೇರಿಕೊಳ್ಳುತ್ತದೆ. ಹಾಳಾಗುವುದು ಮಳೆಯ ಬಿರುಸಿನ ಲೆಕ್ಕ ಮಾತ್ರ.

ಕಂಬ ಮತ್ತು ಮಟ್ಟ

ಕಂಬ ಅಲುಗಾಡಬಾರದು. ಇದಕ್ಕೆ ರಿಯಾಯಿತಿಯೇ ಇಲ್ಲ, ಏಕೆಂದರೆ ಗಾಳಿಗೆ ನಡುಗುವ ಕಂಬ ಅರ್ಧ ತುಂಬಿದ ಬಟ್ಟಲನ್ನು ತಾನೇ ವಾಲಿಸಿಬಿಡುತ್ತದೆ. ಮಳೆಯೇ ಇಲ್ಲದ ರಾತ್ರಿಯಲ್ಲಿ ಮಳೆ ದಾಖಲಾಗುವುದು ಹೀಗೆ. ಸುಮಾರು 4 ಸೆಂ.ಮೀ. ದಪ್ಪದ ಕಬ್ಬಿಣದ ಕೊಳವೆಯನ್ನು ಮೊಣಕಾಲುದ್ದದ ಗುಂಡಿಯಲ್ಲಿ ನಿಲ್ಲಿಸಿ, ತೂಗುಗುಂಡಿನಿಂದ ನೇರ ನೋಡಿ, ಸುತ್ತಲೂ ಕಾಂಕ್ರೀಟ್ ತುಂಬಿ, ಗಟ್ಟಿಯಾಗುವವರೆಗೆ ಮುಟ್ಟದೆ ಬಿಡಿ. ಕೊಳವೆಯ ಬಾಯಿಗೆ ಮುಚ್ಚಳ ಹಾಕದಿದ್ದರೆ ಒಳಗೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಮಳೆಮಾಪಕದ ಬಾಯಿ ಕಂಬದ ತುದಿಗಿಂತ ಮೇಲಿರಲಿ. ಕಂಬವೇ ಎತ್ತರವಾದರೆ ಅದರಿಂದ ಹನಿ ಚಿಮ್ಮುತ್ತದೆ.

ಮಟ್ಟವನ್ನು ಎರಡು ಕಡೆ ನೋಡಬೇಕು. ರಸಮಟ್ಟವನ್ನು ಆಲಿಕೆಯ ಬಾಯಿಯ ಮೇಲೆ ಒಂದು ದಿಕ್ಕಿನಲ್ಲಿಟ್ಟು ಸರಿಪಡಿಸಿ, ಆಮೇಲೆ ಅದಕ್ಕೆ ಅಡ್ಡಲಾಗಿ ಇಟ್ಟು ಮತ್ತೆ ಸರಿಪಡಿಸಿ. ಇಷ್ಟರಲ್ಲಿ ಮೊದಲ ದಿಕ್ಕು ಸ್ವಲ್ಪ ತಪ್ಪಿರುತ್ತದೆ, ಆದ್ದರಿಂದ ಇದನ್ನು ಎರಡು ಮೂರು ಸುತ್ತು ಮಾಡಬೇಕು. ನಂತರ ಆಲಿಕೆಯನ್ನು ತೆಗೆದು, ಒಳಗೆ ಗುಳ್ಳೆಯ ಮಟ್ಟವೊಂದನ್ನು ತಯಾರಕರು ಕೂರಿಸಿದ್ದರೆ ಅದನ್ನೂ ನೋಡಿ. ಬಾಯಿ ಮಟ್ಟವಾಗಿದ್ದು ಬಟ್ಟಲಿನ ಅಚ್ಚು ಓರೆಯಾಗಿದ್ದರೆ ಬಟ್ಟಲಿನ ಒಂದು ಭಾಗ ಬೇಗನೆಯೂ ಇನ್ನೊಂದು ತಡವಾಗಿಯೂ ವಾಲುತ್ತದೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕೆಂಬ ಸಂದರ್ಭ ಬಂದರೆ ಅಚ್ಚಿನ ಮಟ್ಟಕ್ಕೇ ಆದ್ಯತೆ ಕೊಡಿ. ಬಿಗಿಯುವಾಗ ಮಟ್ಟ ತಪ್ಪುವುದರಿಂದ ಕೊನೆಯ ನಟ್ಟು ಬಿಗಿದ ಮೇಲೂ ಒಮ್ಮೆ ನೋಡಲೇಬೇಕು.

ಈ ಕೆಲಸದುದ್ದಕ್ಕೂ ಬಟ್ಟಲು ಎಷ್ಟೋ ಸಲ ವಾಲಿರುತ್ತದೆ. ಕನ್ಸೋಲಿನಲ್ಲಿ ಸೇರಿರುವ ಆ ಸುಳ್ಳು ಮಳೆಯನ್ನು ಅಳಿಸಿ. ಆಮೇಲೆ ಮೇಜಿನ ಮೇಲೆ ಮಾಡಿದ ಪರೀಕ್ಷೆಯನ್ನು ಇಲ್ಲಿ ಅರ್ಧದಷ್ಟು ನೀರಿನಿಂದ ಒಮ್ಮೆ ಮಾಡಿ. 10 ಮಿ.ಮೀ.ಯ ನೀರಿಗೆ ಕಂಬದ ಮೇಲೆಯೂ 10ರ ಆಸುಪಾಸು ಬಂದರೆ ಅಳವಡಿಕೆ ಮುಗಿದಂತೆ. ಕೈಮಳೆಮಾಪಕವನ್ನು ಒಂದು ಮೀಟರ್ ಆಚೆ, ಅದೇ ಎತ್ತರದಲ್ಲಿ ನಿಲ್ಲಿಸಿ.

ಕನ್ಸೋಲಿನ ಹೊಂದಿಕೆ ಮತ್ತು ದಾಖಲೆ

ಗಡಿಯಾರ, ದಿನಾಂಕ, ಮಿಲಿಮೀಟರ್ ಇವನ್ನು ಹೊಂದಿಸುವುದು ಸುಲಭ. ದಿನ ಯಾವಾಗ ಬದಲಾಗಬೇಕು ಎಂಬುದನ್ನು ಮಾತ್ರ ಯೋಚಿಸಿ ನಿರ್ಧರಿಸಬೇಕು. ಕನ್ಸೋಲುಗಳು ಸಾಮಾನ್ಯವಾಗಿ ಮಧ್ಯರಾತ್ರಿ ದಿನದ ಮೊತ್ತವನ್ನು ಸೊನ್ನೆಗೆ ತರುತ್ತವೆ; ಹವಾಮಾನ ವೀಕ್ಷಕರು ಬಹಳ ಕಡೆ ಬೆಳಗಿನ ನಿಗದಿತ ಹೊತ್ತಿಗೆ ಹಿಂದಿನ 24 ಗಂಟೆಯ ಮಳೆಯನ್ನು ಓದುತ್ತಾರೆ. ರಾತ್ರಿಯಿಡೀ ಸುರಿದ ಮಳೆ ನಿಮ್ಮ ಲೆಕ್ಕದಲ್ಲಿ ಎರಡು ದಿನಕ್ಕೆ ಹಂಚಿಹೋಗಿ, ಅಧಿಕೃತ ಲೆಕ್ಕದಲ್ಲಿ ಒಂದೇ ದಿನದಲ್ಲಿ ಕಾಣಿಸುವುದು ಇದರಿಂದ. ದಿನ ಬದಲಾಗುವ ಗಂಟೆಯನ್ನು ಹೊಂದಿಸಲು ಬರುವುದಾದರೆ ನಿಮ್ಮ ಪ್ರದೇಶದ ಹವಾಮಾನ ಇಲಾಖೆಯ ಹೊತ್ತಿಗೆ ಹೊಂದಿಸಿ, ಬರದಿದ್ದರೆ ಪ್ರತಿ ಬೆಳಗ್ಗೆ ಅದೇ ಹೊತ್ತಿಗೆ ಒಟ್ಟು ಮೊತ್ತವನ್ನು ಪುಸ್ತಕದಲ್ಲಿ ಬರೆಯಿರಿ.

ಪರದೆಯ ಮೇಲೆ ಕಾಣುವ ಗಂಟೆಗೆ ಇಷ್ಟು ಮಿ.ಮೀ. ಎಂಬ ಬಿರುಸಿನ ಅಂಕಿಯನ್ನು ಅರ್ಥಮಾಡಿಕೊಂಡು ಓದಬೇಕು. ಅದನ್ನು ಎರಡು ವಾಲಿಕೆಗಳ ನಡುವಿನ ಕಾಲದಿಂದ, ಇಲ್ಲವೇ ಕೆಲವು ನಿಮಿಷಗಳ ಎಣಿಕೆಯಿಂದ ಲೆಕ್ಕ ಹಾಕುತ್ತಾರೆ. 12 ಸೆಕೆಂಡಿಗೊಮ್ಮೆ 0.2 ಮಿ.ಮೀ. ವಾಲಿಕೆಯಾಗುತ್ತಿದ್ದರೆ ಗಂಟೆಗೆ 60 ಮಿ.ಮೀ. ಎಂದು ತೋರುತ್ತದೆ. ಅಂಥ ಮಳೆ ಮೂರೇ ನಿಮಿಷ ಬಂದು ನಿಂತರೆ ಬಿದ್ದದ್ದು 3 ಮಿ.ಮೀ. ಮಾತ್ರ.

ವೈಫೈ ಇರುವ ಕನ್ಸೋಲಾದರೆ, ಅದು 2.4 ಗಿಗಾಹರ್ಟ್ಸ್ ಜಾಲವನ್ನು ಮಾತ್ರ ಹಿಡಿಯುವ ಸಾಧ್ಯತೆ ಹೆಚ್ಚು. ರೌಟರಿನಲ್ಲಿ ಅದು ಚಾಲೂ ಇದೆಯೇ ಎಂದು ನೋಡಿ. ವೆದರ್ ಅಂಡರ್‌ಗ್ರೌಂಡಿನಂಥ ಹವಾಮಾನದ ಜಾಲತಾಣಕ್ಕೆ ಅಂಕಿಗಳನ್ನು ಕಳಿಸಬಹುದು, ಆದರೆ ಮೊದಲ ಒಂದು ತಿಂಗಳು ಕೈಮಳೆಮಾಪಕದೊಂದಿಗೆ ಹೋಲಿಸಿ ನೋಡದೆ ಕಳಿಸಬೇಡಿ, ಬೇರೆಯವರು ಅದನ್ನು ನಿಜವೆಂದು ನಂಬಿ ಬಳಸುತ್ತಾರೆ. ಹೋಲಿಸುವಾಗ 2 ಮಿ.ಮೀ. ತುಂತುರುಮಳೆಯ ದಿನಗಳನ್ನು ಬಿಟ್ಟು 10 ಮಿ.ಮೀ.ಗಿಂತ ಹೆಚ್ಚು ಮಳೆಯಾದ ದಿನಗಳನ್ನು ಆರಿಸಿಕೊಳ್ಳಿ. ಸಣ್ಣ ಮಳೆಯಲ್ಲಿ ಆಲಿಕೆಯ ಮೈಗೆ ಅಂಟಿಕೊಂಡೇ ಆರಿಹೋಗುವ ನೀರು ಮತ್ತು ಬಟ್ಟಲಿನಲ್ಲಿ ವಾಲದೆ ಉಳಿದ ನೀರು ಹೋಲಿಕೆಯನ್ನು ಕೆಡಿಸುತ್ತವೆ.

ಅಂಕಿಯೇ ಹೇಳುವ ದೋಷಗಳು

ತುಸು ಅಭ್ಯಾಸವಾದರೆ ಪರದೆಯ ಅಂಕಿಗಳಿಂದಲೇ ಅಂಗಳದಲ್ಲಿ ಏನು ಕೆಟ್ಟಿದೆ ಎಂದು ಹೇಳಬಹುದು. ಮಳೆ ನಿಂತು ಗಂಟೆಗಳಾದರೂ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದೊಂದು ವಾಲಿಕೆ ಬರುತ್ತಲೇ ಇದ್ದರೆ ಆಲಿಕೆಯ ರಂಧ್ರ ಅರ್ಧ ಕಟ್ಟಿಕೊಂಡಿದೆ. ಮೇಲೆ ನಿಂತ ನೀರು ತೊಟ್ಟುತೊಟ್ಟಾಗಿ ಇಳಿಯುತ್ತಿದೆ. ಆ ದಿನದ ಒಟ್ಟು ಮೊತ್ತ ಬಹುಮಟ್ಟಿಗೆ ಸರಿಯೇ, ಬಿರುಸಿನ ಅಂಕಿ ಮಾತ್ರ ನಿರುಪಯೋಗಿ. ಜೋರು ಮಳೆಯಲ್ಲೂ ಸೊನ್ನೆ ಇದ್ದರೆ ರಂಧ್ರ ಪೂರ್ತಿ ಕಟ್ಟಿದೆ ಅಥವಾ ಜೇಡವು ಬಟ್ಟಲಿಗೆ ಬಲೆ ನೇಯ್ದು ಅದನ್ನು ಅಲುಗಾಡದಂತೆ ಮಾಡಿದೆ. ಒಣ ದಿನದ ಬೆಳಗಿನ ಜಾವ ಒಂದೇ ಒಂದು ವಾಲಿಕೆ ಬಂದಿದ್ದರೆ ಅದು ಇಬ್ಬನಿ. ಒಣ ದಿನದಲ್ಲಿ ಒಮ್ಮೆಲೇ ಎರಡು ಮೂರು ಬಂದಿದ್ದರೆ ಹಕ್ಕಿ ಕುಳಿತು ಹಾರಿದೆ ಅಥವಾ ಕಂಬಕ್ಕೆ ಏನೋ ತಗುಲಿದೆ. ಕೈಮಳೆಮಾಪಕಕ್ಕಿಂತ ಪ್ರತಿ ಬಾರಿಯೂ ಸುಮಾರು ಎರಡು ಪಟ್ಟು ಬರುತ್ತಿದ್ದರೆ ರೀಡ್ ಸ್ವಿಚ್ಚು ಒಂದು ವಾಲಿಕೆಯನ್ನು ಎರಡಾಗಿ ಎಣಿಸುತ್ತಿದೆ, ಅದನ್ನು ಬದಲಿಸಬೇಕು. ಬಿರುಮಳೆಯಲ್ಲಿ ಮಾತ್ರ ಕಡಿಮೆ ಬರುವುದು ದೋಷವಲ್ಲ, ಅದು ಈ ವಿಧಾನದ ಮಿತಿ. ಹಿಮ ಬೀಳುವ ಕಡೆ, ಬಿಸಿ ಮಾಡುವ ವ್ಯವಸ್ಥೆಯಿಲ್ಲದ ಆಲಿಕೆಯಲ್ಲಿ ಅದು ಕರಗಿದ ದಿನ ಮಳೆಯಾಗಿ ಕಾಣಿಸುತ್ತದೆ. ಆ ಅಂಕಿಯನ್ನು ಹಿಮದ ಅಳತೆಯೆಂದು ಬಳಸಬಾರದು.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಆಲಿಕೆಯೊಳಗೆ ಇಣುಕಿ ನೋಡುವುದು, ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದಲೂ ಬರಿಯ ನೀರಿನಿಂದಲೂ ತೊಳೆಯುವುದು ಸಾಕು. ಅಚ್ಚಿಗೆ ಎಣ್ಣೆ ಹಾಕಬೇಡಿ, ಅದು ಧೂಳನ್ನು ಹಿಡಿದಿಟ್ಟುಕೊಂಡು ಬಟ್ಟಲನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಬಟ್ಟಲಿನ ಒಳಮೈಯನ್ನು ಉಜ್ಜಿ ಗೀರು ಮಾಡಬೇಡಿ. ನೀರು ಹೊರಹೋಗುವ ತಳದ ಜಾಲರಿಯನ್ನೂ ನೋಡಿ. ಇರುವೆ ಮತ್ತು ಕಣಜಗಳು ಗೂಡು ಕಟ್ಟುವುದು ಅಲ್ಲಿಯೇ. ಹಕ್ಕಿಗಳ ಕಾಟವಿದ್ದರೆ ಅಂಚಿನ ಹೊರಮೈಗೆ ಮೇಲ್ಮುಖವಾಗಿ ತೆಳುವಾದ ತಂತಿಯ ಕಡ್ಡಿಗಳನ್ನು ಕಟ್ಟಿ, ಅವು ಬಾಯಿಯ ಮೇಲೆ ವಾಲದಂತೆ ನೋಡಿಕೊಳ್ಳಿ. ಈ ಕೆಲಸಗಳನ್ನು ಮಳೆಯಿಲ್ಲದ ಹೊತ್ತಿನಲ್ಲಿ ಮಾಡಿ, ಶುರುಮಾಡುವ ಮೊದಲು ಕನ್ಸೋಲಿನ ಮೊತ್ತವನ್ನು ಬರೆದಿಟ್ಟುಕೊಂಡು, ಮುಗಿದ ಮೇಲೆ ಸೇರಿಕೊಂಡ ಹೆಚ್ಚುವರಿ ವಾಲಿಕೆಗಳನ್ನು ಕಳೆಯಿರಿ.

ಬ್ಯಾಟರಿಯನ್ನು ಅದು ಸೋಲುವವರೆಗೆ ಕಾಯದೆ ವರ್ಷಕ್ಕೊಮ್ಮೆ, ಮಳೆಗಾಲ ಶುರುವಾಗುವ ಮುನ್ನ ಬದಲಿಸುವುದು ಜಾಣತನ. ಸೆಲ್ಲು ತೆಗೆದೊಡನೆ ಸೆನ್ಸರಿನ ಎಣಿಕೆ ಸೊನ್ನೆಯಿಂದ ಆರಂಭವಾಗಬಹುದು, ಕೆಲವು ಕನ್ಸೋಲುಗಳಲ್ಲಿ ಮರುಜೋಡಣೆಯೂ ಬೇಕಾಗುತ್ತದೆ; ಆದ್ದರಿಂದ ತಿಂಗಳ ಮತ್ತು ವರ್ಷದ ಮೊತ್ತಗಳನ್ನು ಮೊದಲೇ ಬರೆದಿಡಿ. ಅದೇ ದಿನ ರಸಮಟ್ಟದಿಂದ ಬಾಯಿಯನ್ನು ಇನ್ನೊಮ್ಮೆ ನೋಡಿ, ಬಾಟಲಿಯ ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ದಿನಾಂಕ, ಸುರಿದ ನೀರಿನ ತೂಕ ಮತ್ತು ಕನ್ಸೋಲು ತೋರಿಸಿದ ಅಂಕಿ ಈ ಮೂರನ್ನೂ ಅಳಿಸದ ಪೆನ್ನಿನಿಂದ ಬ್ಯಾಟರಿ ಮುಚ್ಚಳದ ಒಳಬದಿಯಲ್ಲಿ ಬರೆದು ಮುಚ್ಚಿ.